ಎರಡು ಚುಕ್ಕಿಯ ಜರ್ಮನ್

ನಮ್ಮ ಕಡೆ ಜರ್ಮನ್ ಎಂದರೆ ಬೋಗಾಣಿ. ಅಲ್ಯುಮಿನಿಯಂ ಪಾತ್ರೆಗೆ ಬಾಗಲಕೋಟೆಯ ಹಿರಿಯರು ಇಂದಿಗೂ ಆ ಹೆಸರನ್ನೇ ಹೇಳುತ್ತಾರೆ. ಹೋದ ರವಿವಾರ ನನ್ನ ಹೆಂಡತಿ ಶಾಂತಾ ಅಟ್ಟ ಸ್ವಚ್ಛ ಮಾಡಲು ಹತ್ತಿದವಳು ತಳ ನೆಗ್ಗಿದ ಇಂಥದೊಂದು ಜರ್ಮನ್ ಬೋಗಾಣಿ ಇಳಿಸಿದಳು. ಅದರೊಳಗೆ ಒಂದು ಕೆಟ್ಟುಹೋದ ಟಾರ್ಚು, ಸೊಂಟಕ್ಕೆ ಇನ್ನೆಂದೂ ಬರಲಾರದ ನನ್ನ ಕಾಲೇಜು ದಿನಗಳ ಬೆಲ್ಟು, ಮತ್ತು ಮೂವತ್ತು ದಿನಗಳಲ್ಲಿ ಜರ್ಮನ್ ಭಾಷೆ ಕಲಿಸುತ್ತೇನೆಂದು ನನಗೆ ಮಾತು ಕೊಟ್ಟಿದ್ದ ಒಂದು ಪುಸ್ತಕ ಇದ್ದವು.

"ಜರ್ಮನ್‌ದಾಗ ಜರ್ಮನ್ ಸಿಕ್ತು ನೋಡ್ರಿ," ಎಂದಳು ಶಾಂತಾ. "ರದ್ದಿಗೆ ಹಾಕ್ಲೇನು?"

ನಾನು ಪುಸ್ತಕ ಕಸಿದುಕೊಂಡು ಧೂಳು ಜಾಡಿಸಿದೆ. ಒಂಬತ್ತನೆಯ ದಿನದ ಪಾಠದ ತನಕ ಪುಟಗಳು ಕೊಳೆಯಾಗಿದ್ದವು. ಹತ್ತರಿಂದ ಮೂವತ್ತರವರೆಗೆ ನಿನ್ನೆ ಅಚ್ಚಾದಂತೆ ಸ್ವಚ್ಛವಾಗಿದ್ದವು. ನನ್ನ ಜರ್ಮನ್ ಪಾಂಡಿತ್ಯದ ಗಡಿ ಎಲ್ಲಿದೆ ಎಂದು ಯಾರಾದರೂ ಆ ಪುಸ್ತಕವನ್ನು ಅಂಚಿನಿಂದ ನೋಡಿಯೇ ಹೇಳಬಹುದಿತ್ತು. ಪುಣ್ಯಕ್ಕೆ ಮೂವತ್ತು ವರ್ಷ ಯಾರೂ ನೋಡಿರಲಿಲ್ಲ.

ಅದನ್ನು ಕೊಂಡದ್ದು ಬಾಗಲಕೋಟೆಯಲ್ಲಿ ಬಿ.ಎಸ್ಸಿ. ಓದುವಾಗ, ಒಂದು ರದ್ದಿ ಅಂಗಡಿಯಲ್ಲಿ. ಮುಖಪುಟದ ಮೇಲೆ ಸೈಕಲ್ ಹಿಡಿದು ನಿಂತ ಹುಡುಗಿಯೊಬ್ಬಳಿದ್ದಳು. ವಿಜ್ಞಾನ ಓದುವವನಿಗೆ ಜರ್ಮನ್ ಬೇಕಾಗುತ್ತದೆ ಎಂದು ಮನೆಯಲ್ಲಿ ಹೇಳಿದೆ. ಆ ಮುಖಪುಟ ನನ್ನ ಮದುವೆಯಾದ ವರ್ಷವೇ ಕಾಣೆಯಾಯಿತು. ಹೇಗೆ ಎಂದು ನಾನು ಕೇಳಿಲ್ಲ, ಶಾಂತಾ ಹೇಳಿಲ್ಲ.

ಮೊದಲ ಎಂಟು ದಿನ ಸುಖವಾಗಿಯೇ ಸಾಗಿತು. 'ಶ್ಯೋನ್' ಎಂದರೆ ಸುಂದರ ಎಂದು ಕಲಿತು, ಕಂಡದ್ದಕ್ಕೆಲ್ಲ ಶ್ಯೋನ್ ಎನ್ನುತ್ತ ತಿರುಗಾಡಿದೆ. ಬರೆಯುವುದು ಮಾತ್ರ ತುಸು ತ್ರಾಸು. ಒಂದು 'ಶ' ಎನ್ನಲು ಎಸ್, ಸಿ, ಎಚ್ ಎಂದು ಮೂರು ಅಕ್ಷರ ಕೂಡಿ ಬರಬೇಕು. ಆಮೇಲೆ ಒಂದು 'ಓ', ಅದರ ನೆತ್ತಿಯ ಮೇಲೆ ಎರಡು ಚುಕ್ಕಿ. ಅದನ್ನು ಉಚ್ಚರಿಸಲು ಬಾಯಿಯನ್ನು ಓ ಎನ್ನುವಂತೆ ಇಟ್ಟುಕೊಂಡು ಏ ಎನ್ನಬೇಕೆಂದು ಪುಸ್ತಕ ಹೇಳುತ್ತಿತ್ತು. ರಜೆಯಲ್ಲಿ ಇಳಕಲ್ಲಿನ ಮನೆಗೆ ಬಂದು ಕನ್ನಡಿಯ ಮುಂದೆ ಈ ಸಾಧನೆ ನಡೆಸಿದಾಗ, ಹಲ್ಲುನೋವೆಂದು ತಿಳಿದು ಅವ್ವ ನನ್ನ ದವಡೆಯಲ್ಲಿ ಲವಂಗ ಇಟ್ಟಳು.

ಒಂಬತ್ತನೆಯ ದಿನ ಸುಂದರಕ್ಕೆ ಬಾಲ ಬಂತು. ಗಂಡಸಿನ ಮುಂದೆ ನಿಂತರೆ ಒಂದು ಬಾಲ, ಹೆಂಗಸಿನ ಮುಂದೆ ಇನ್ನೊಂದು, ಎರಡೂ ಅಲ್ಲದ್ದರ ಮುಂದೆ ಮತ್ತೊಂದು. ವಿಭಕ್ತಿ ಬದಲಾದರೆ ಇದ್ದ ಬಾಲ ಕತ್ತರಿಸಿ ಬೇರೆ ಬಾಲ. ಶ್ಯೋನರ್, ಶ್ಯೋನೆ, ಶ್ಯೋನೆಸ್, ಶ್ಯೋನೆಮ್, ಶ್ಯೋನೆನ್. ನಮ್ಮ 'ಚಂದ' ಎಷ್ಟು ಸಭ್ಯ ಶಬ್ದ ನೋಡಿ! ಚಂದದ ಹುಡುಗ, ಚಂದದ ಹುಡುಗಿ, ಚಂದದ ಎಮ್ಮೆ. ಯಾರ ಮುಂದೆ ನಿಂತರೂ ಅದರ ಮೋರೆ ಬದಲಾಗುವುದಿಲ್ಲ. ಇದೂ ಹೋಗಲಿ, ಆ ಭಾಷೆಯಲ್ಲಿ 'ಹುಡುಗಿ' ನಪುಂಸಕ ಲಿಂಗವಂತೆ. ಸೈಕಲ್ ಹಿಡಿದವಳ ಸಲುವಾಗಿ ಅಷ್ಟು ಕಷ್ಟಪಟ್ಟವನಿಗೆ ಇದೆಂಥ ಅನ್ಯಾಯ ಎನಿಸಿತು. ನಮ್ಮ ಮನೆಯಲ್ಲಿಯೂ ತಂಗಿ ಸಾಲಿಗೆ 'ಹೋತು', ಸಾಲಿಯಿಂದ 'ಬಂತು' ಎಂದೇ ಅನ್ನುತ್ತಿದ್ದರೆನ್ನುವುದು ಆಗ ಹೊಳೆಯಲಿಲ್ಲ. ಪುಸ್ತಕ ಮುಚ್ಚಿದೆ.

ಆದರೆ ಅವ್ವ ಅಷ್ಟರಲ್ಲಿ ಓಣಿಗೆಲ್ಲ ಸುದ್ದಿ ಮುಟ್ಟಿಸಿದ್ದಳು.

"ನಮ್ಮ ಸಂಗಪ್ಪ ಜರ್ಮನ್ ಕಲಿತಾನ!"

"ಬಿ.ಎಸ್ಸಿ. ಓದಿ ಬೋಗಾಣಿ ತಟ್ಟೂ ಕೆಲಸಾ ಕಲೀತಾನಾ?" ಎಂದು ಅಜ್ಜಿ ಮರುಗಿದಳು. ನಮ್ಮ ಮನೆಯಲ್ಲಿ ವಸ್ತುಸ್ಥಿತಿಗೆ ಹತ್ತಿರವಾಗಿ ಮಾತನಾಡಿದವಳು ಅವಳೊಬ್ಬಳೇ.

ಅದೇ ಬೇಸಿಗೆಯಲ್ಲಿ ಹುನಗುಂದದಲ್ಲಿ ಸಾವಕ್ಕನ ಮದುವೆ. ಸಾವಕ್ಕ ನನ್ನ ಚಿಗವ್ವನ, ಎಂದರೆ ಚಿಕ್ಕಮ್ಮನ, ಮಗಳು, ಚೊಳಚಗುಡ್ಡಕ್ಕೆ ಕೊಟ್ಟಿದ್ದರು. ಗಂಡಿನ ಕಡೆಯ ಹಿರಿಯರೊಬ್ಬರು ಎದ್ದು ನಿಂತು ಸಂಸ್ಕೃತದಲ್ಲಿ ನಾಲ್ಕು ಶ್ಲೋಕ ಹೇಳಿ, ಹೆಣ್ಣಿನ ಕಡೆ ಯಾರಿದ್ದೀರಿ ಎನ್ನುವಂತೆ ಸುತ್ತ ನೋಡಿದರು. ನಮ್ಮ ಕಡೆ ಶ್ಲೋಕ ಬರುವವರು ಯಾರೂ ಇರಲಿಲ್ಲ. ಅವ್ವ ನನ್ನ ಬೆನ್ನಿಗೆ ಕೈ ಹಚ್ಚಿ ಮುಂದಕ್ಕೆ ನೂಕಿದಳು. ನಾನು ಕಣ್ಣು ಮುಚ್ಚಿ, ಕೈ ಜೋಡಿಸಿ, ಒಂಬತ್ತನೆಯ ದಿನದ ಪಾಠವನ್ನು ರಾಗವಾಗಿ ಬಿಟ್ಟೆ. "ಶ್ಯೋನರ್ ಶ್ಯೋನೆ ಶ್ಯೋನೆಸ್, ಶ್ಯೋನೆಮ್ ಶ್ಯೋನೆನ್!" ಮೂರು ಸಲ. ಮೂರನೆಯ ಸಲಕ್ಕೆ ಜನ ಅಕ್ಕಿಕಾಳು ಎರಚಿದರು. ಅರ್ಥವೇನೆಂದು ಕೇಳಿದ ಹಿರಿಯರಿಗೆ, "ದಂಪತಿಗಳು ಎಲ್ಲ ಕಾಲಕ್ಕೂ ಸುಂದರವಾಗಿರಲಿ" ಎಂದೆ. ಅವರು ನನಗೆ ಕೈ ಮುಗಿದರು.

ಅಲ್ಲಿಂದ ಮುಂದೆ ನಮ್ಮ ಬಳಗದ ಮದುವೆ, ಕುಬಸ, ಮನೆಶಾಂತಿ ಯಾವುದೂ ನನ್ನ ಐದು ಬಾಲಗಳಿಲ್ಲದೆ ಮುಗಿಯಲಿಲ್ಲ. ಹಾಳೂರಿಗೆ ಉಳಿದವನೇ ಗೌಡ. ನಾನು ಹುನಗುಂದದಲ್ಲಿ ಹೈಸ್ಕೂಲು ಮಾಸ್ತರನಾದೆ, ತಲೆ ನರೆಯಿತು, ಪುಸ್ತಕ ಅಟ್ಟ ಸೇರಿತು. ಕೀರ್ತಿ ಮಾತ್ರ ನೀರು ಗೊಬ್ಬರ ಇಲ್ಲದೆ ತಾನೇ ಬೆಳೆಯಿತು. ಒಂದು ಸುಳ್ಳು ಮೂವತ್ತು ವರ್ಷ ಬಾಳಿದರೆ ಅದಕ್ಕೂ ಮನೆಯಲ್ಲಿ ಒಂದು ಮಣೆ ಹಾಕಬೇಕಾಗುತ್ತದೆ ಎಂದು ನನಗೆ ಅನುಭವವಾಗಿದೆ.

ಮಣೆ ಅಲುಗಾಡಿದ್ದು ಎರಡು ವರ್ಷದ ಹಿಂದೆ. ಬಾದಾಮಿಯ ಕೆಂಪು ಕಲ್ಲಿನ ಬಗ್ಗೆ ಏನೋ ಅಭ್ಯಾಸ ಮಾಡಲು ಬಂದ ಹನ್ನಾ ಎಂಬ ಜರ್ಮನ್ ಹೆಣ್ಣುಮಗಳು ಚೊಳಚಗುಡ್ಡದಲ್ಲಿ ಸಾವಕ್ಕನ ಮನೆಯ ಮಾಳಿಗೆಯ ಮೇಲೆ ಬಾಡಿಗೆಗಿದ್ದಳು. ಒಂದೇ ವಾರದಲ್ಲಿ ಊರು ಅವಳನ್ನು ಹನ್ನವ್ವ ಮಾಡಿತು. ಸಾವಕ್ಕ ಉಟ್ಟ ಇಳಕಲ್ ಸೀರೆಯ ಮೇಲಿನ ಕಸೂತಿ ನೋಡಿ ಹನ್ನವ್ವ ಮರುಳಾದಳು. ಅದು ನಮ್ಮ ಚಿಗವ್ವನ ಕೈಕೆಲಸ. ತನ್ನ ತಾಯಿಗೆ ಎಂಬತ್ತು ತುಂಬುತ್ತದೆ, ಅವಳಿಗೂ ಇಂಥದೇ ಒಂದು ಸೀರೆ ಬೇಕು, ಸೆರಗಿನ ಮೇಲೆ ತನ್ನ ಭಾಷೆಯ ಮೂರು ಶಬ್ದ ಇರಬೇಕು ಎಂದಳು. 'ಮೈನೆ ಶ್ಯೋನೆ ಮುಟ್ಟರ್': ನನ್ನ ಸುಂದರ ತಾಯಿ.

ಸಾವಕ್ಕನ ಫೋನು ಬಂತು. "ಅಣ್ಣಾ, ಐತವಾರ ಹನ್ನವ್ವನ್ನ ಕರಕೊಂಡು ಇಳಕಲ್ಲಿಗೆ ಅವ್ವನ ಕಡೆ ಬರಾಕತ್ತೇನಿ. ನೀನೂ ಶಾಂತಾ ವೈನೀನ ಕರಕೊಂಡು ಬಾ. ನಿನ್ನ ಭಾಷಾದಾಕಿ ಬಂದಾಳ, ಮನಸಾರೆ ಮಾತಾಡು."

ನನಗೆ ಜ್ವರ ಬರಲಿ ಎಂದು ಬೇಡಿಕೊಂಡೆ. ಬರಲಿಲ್ಲ.

ಚಿಗವ್ವನ ಪಡಸಾಲೆಯಲ್ಲಿ ಹನ್ನವ್ವ ಕೈ ಮುಗಿದವಳೇ, ಊರು ಬಿಟ್ಟು ತಿಂಗಳುಗಟ್ಟಲೆ ಸ್ವಂತ ಭಾಷೆ ಆಡದ ಜೀವದ ಹಸಿವಿನಿಂದ, ಜರ್ಮನ್ ಸುರಿಸತೊಡಗಿದಳು. ಆ ಪ್ರವಾಹದಲ್ಲಿ ಎಲ್ಲಿಯೋ ಒಂದು 'ಶ್ಯೋನ್' ತೇಲಿ ಬಂತು. ಅದನ್ನು ಗಟ್ಟಿಯಾಗಿ ಹಿಡಿದು "ಶ್ಯೋನ್" ಎಂದೆ. ಅವಳು ಇನ್ನೂ ಹಿಗ್ಗಿ ಇನ್ನೂ ಸುರಿಸಿದಳು. "ಶ್ಯೋನ್, ಶ್ಯೋನ್" ಎಂದೆ. ಮೂರನೆಯ ಸಲ ಅದು ಪ್ರಶ್ನೆ ಎನ್ನುವುದು ಅವಳ ಹುಬ್ಬಿನಿಂದ ತಿಳಿಯಿತು. ನಾನು ಗಂಟಲು ಹಿಡಿದುಕೊಂಡು ಕೆಮ್ಮಿದೆ. ಹನ್ನವ್ವ ಪಾಪ ಇಂಗ್ಲಿಷಿಗೆ ಇಳಿದಳು. ಚಿಗವ್ವ ಒಳಗೆ ಹೋಗಿ ಮೆಣಸಿನಕಾಳಿನ ಕಷಾಯ ತಂದು, ಎದುರಿಗೆ ಕುಳಿತು, ಮೂರು ಲೋಟ ಕುಡಿಸಿದಳು. ಕಣ್ಣಲ್ಲಿ ನೀರು ಬಂತು.

ಹನ್ನವ್ವ ತಾಯಿಯ ಬಗ್ಗೆ ಹೇಳಿದಳು. ಆಕೆ ಸಾಲಿ ಮಾಸ್ತರಣಿಯಾಗಿದ್ದವಳು, ನಲವತ್ತು ವರ್ಷ ಮಕ್ಕಳ ಶುದ್ಧಲೇಖನ ತಿದ್ದಿದವಳು. ಈಗಲೂ ಮಗಳು ಪತ್ರ ಬರೆದರೆ ತಪ್ಪುಗಳಿಗೆ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದು ತಿರುಗಿ ಕಳಿಸುತ್ತಾಳಂತೆ. "ಆಕೆಗೆ ಒಂದೇ ಒಂದು ಸಲ ನನ್ನ ಕಡೆಯಿಂದ ತಪ್ಪಿಲ್ಲದ್ದು ಕೊಡಬೇಕು" ಎಂದು ನಕ್ಕಳು. ನಗುತ್ತಲೇ ಹೇಳಿದರೂ ಅವಳಿಗೆ ಅದು ದೊಡ್ಡ ಮಾತಾಗಿತ್ತು. ಕಾಗದದ ಮೇಲೆ ಮೂರೂ ಶಬ್ದ ಕ್ಯಾಪಿಟಲ್ ಅಕ್ಷರಗಳಲ್ಲಿ ದಪ್ಪಗೆ ಬರೆದುಕೊಟ್ಟಳು. ಎರಡು ತಿಂಗಳಿಗೆ, ವಿಮಾನ ಹತ್ತುವ ಮುನ್ನಾದಿನ, ಬಂದು ಒಯ್ಯುವುದೆಂದು ಮಾತಾಯಿತು.

ಇಲ್ಲಿ ಚಿಗವ್ವನ ಬಗ್ಗೆ ಎರಡು ಮಾತು ಹೇಳಬೇಕು. ಆಕೆ ಸಾಲಿ ಕಟ್ಟೆ ಹತ್ತಿದವಳಲ್ಲ. ಸೀರೆಯ ಮೇಲೆ ಪೆನ್ಸಿಲಿನ ಗೆರೆ ಹಾಕಿಕೊಂಡವಳೂ ಅಲ್ಲ. ಎಳೆ ಎಣಿಸಿ ಎಣಿಸಿ ಸೂಜಿ ಹಾಕುತ್ತಾಳೆ, ಗೋಪುರ ತಾನೇ ಏಳುತ್ತದೆ. ಗಂಟು ಹಾಕುವುದಿಲ್ಲ. ಮುಂದೆ ಹೇಗೋ ಹಿಂದೆಯೂ ಹಾಗೇ ಕಾಣಬೇಕು. ಹಾಕಿದ ಹೊಲಿಗೆ ಬಿಚ್ಚಿದ ದಾಖಲೆ ಇಲ್ಲ. ಮತ್ತು ಪ್ರತಿ ಸೀರೆ ಮುಗಿದಾಗಲೂ ಸೆರಗಿನ ಒಳಮೂಲೆಯಲ್ಲಿ, ಯಾರಿಗೂ ಕಾಣದಂತೆ, ಕರಿ ದಾರದ ಒಂದು ಚುಕ್ಕಿ. ಅದು ದೃಷ್ಟಿ ಬೊಟ್ಟು. ಕೂಸಿನ ಕೆನ್ನೆಗೆ ಕಾಡಿಗೆ ಇಡುವುದಿಲ್ಲವೇ, ಹಾಗೆ. ಅಷ್ಟು ಚಂದದ ಸೀರೆಗೆ ಊರ ಕಣ್ಣು, ಆಕೆಯ ಮಾತಿನಲ್ಲಿ ನೆದರು, ಹತ್ತಬಾರದಲ್ಲ.

ಹನ್ನವ್ವ, ಸಾವಕ್ಕ ಹೊರಟುಹೋದ ಮೇಲೆ ಚಿಗವ್ವ ಕಾಗದ ಹಿಡಿದು ನನ್ನ ಎದುರು ಕುಳಿತಳು. ಶಾಂತಾ ಪಕ್ಕದಲ್ಲಿದ್ದಳು.

"ಯಪ್ಪಾ ಸಂಗಪ್ಪಾ, ಇದೆಂಥಾ ಬರವಣಿಗಿ? ಸೀರಿ ತಿರುವಿದ್ರ ಉಲ್ಟಾ ಆಗ್ತೈತಿ. ನವಿಲು ಹಾಕಿದ್ರ ಎರಡೂ ಕಡೆ ನವಿಲ ಇರ್ತೈತಿ ನೋಡು."

"ಭಾಷಾ ಅಂದ್ರ ಹಂಗ, ಚಿಗವ್ವಾ."

"ಇರ್ಲಿ. ಈ ನಡಕಿನ ಗುಂಡಾನ ಅಕ್ಷರದ ನೆತ್ತಿ ಮ್ಯಾಲ ಎರಡು ಚುಕ್ಕಿ ಅದಾವಲ್ಲ, ಇವು ಯಾಕ?"

ಯಾಕೆ ಎನ್ನುವುದು ನನಗೂ ಗೊತ್ತಿರಲಿಲ್ಲ. ಉಚ್ಚಾರದ ಕಥೆ ಹೇಳಿದರೆ, ಉಚ್ಚರಿಸಿ ತೋರಿಸು ಎನ್ನುತ್ತಾಳೆ. ಕೆಟ್ಟ ಗಂಟಲು ಏಕಾಏಕಿ ಸರಿಹೋದಂತಾಗುತ್ತದೆ. ಫೋನಿನಲ್ಲಿ ನೋಡಿದ್ದರೆ ಒಂದು ನಿಮಿಷದ ಕೆಲಸ. ಆದರೆ ಹೆಂಡತಿಯ ಎದುರು ಜರ್ಮನ್ ಪಂಡಿತ ಫೋನು ತೆಗೆಯುವುದುಂಟೇ? ನಾಲಗೆಯ ತುದಿಗೆ ಬಂದದ್ದನ್ನು ಹೇಳಿಬಿಟ್ಟೆ.

"ಆ ಶಬ್ದದ ಅರ್ಥ ಸುಂದರ ಅಂತ. ಸುಂದರಕ್ಕ ನೆದರು ಹತ್ತಬಾರದಲ್ಲ, ಅದಕ್ಕ ಬೊಟ್ಟು ಇಡ್ತಾರ."

ಚಿಗವ್ವನ ಮುಖ ಅರಳಿತು. "ಹೌದನು! ಅವರೂ ಮನಶ್ಯಾರ ನೋಡು." ಆಮೇಲೆ ಕಾಗದವನ್ನು ಕಣ್ಣ ಹತ್ತಿರ ತಂದು ಹುಬ್ಬು ಗಂಟಿಕ್ಕಿದಳು. "ಆದ್ರ ನೆತ್ತಿ ಮ್ಯಾಲ ಯಾರರ ಇಡ್ತಾರೇನು? ಎಲ್ಲಾರಿಗೂ ಕಾಣೂ ಹಂಗ? ಅದೂ ಎರಡೆರಡು?"

"ಥಂಡಿ ದೇಶ. ಮಂದಿ ಕಿಡಕ್ಯಾಗ ಕುಂತು ನೋಡೂದು ಭಾಳ," ಎಂದೆ.

"ಹೂಂ," ಎಂದು ಕಾಗದ ಮಡಚಿದಳು. ಚಿಗವ್ವ ಸುಮ್ಮನಾದಳೆಂದರೆ ಒಪ್ಪಿದಳು ಎಂದು ತಿಳಿದದ್ದು ನನ್ನ ತಪ್ಪು.

ಎರಡು ತಿಂಗಳ ಮೇಲೆ ಅದೇ ಪಡಸಾಲೆ, ಅದೇ ಜನ. ಚಿಗವ್ವ ಪೆಟ್ಟಿಗೆಯಿಂದ ಸೀರೆ ತೆಗೆದು ಸೆರಗು ಹಾಸಿದಳು. ದಾಳಿಂಬೆ ಕೆಂಪಿನ ಸೆರಗು. ಮೇಲೆ ಬಿಳಿ, ಹಸಿರು ದಾರದ ಆನೆ, ತುಳಸಿಕಟ್ಟೆ, ನವಿಲುಗಳ ಸಾಲು. ನಡುವೆ ಮೂರು ಶಬ್ದ. ಅಕ್ಷರ ಬರದವಳು ಎಳೆ ಎಣಿಸಿ ಬರೆದ ಅಕ್ಷರ, ಅಚ್ಚಿನ ಮೊಳೆಗಿಂತ ನೇರ. ಹನ್ನವ್ವ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ಅವಳ ಬೆರಳು ನಡುವಿನ ಶಬ್ದದ ಮೇಲೆ ಸರಿಯುತ್ತ ಬಂದು, ಗುಂಡನೆಯ ಅಕ್ಷರದ ನೆತ್ತಿಯ ಮೇಲೆ ನಿಂತಿತು. ಅಲ್ಲಿ ಏನೂ ಇರಲಿಲ್ಲ.

ಹನ್ನವ್ವ ನನ್ನ ಕಡೆ ನೋಡಿದಳು. ಸಾವಕ್ಕ ನನ್ನ ಕಡೆ ನೋಡಿದಳು. ಶಾಂತಾ ನೋಡಿದ ರೀತಿಯನ್ನು ನಾನು ಇಲ್ಲಿ ಬರೆಯುವುದಿಲ್ಲ.

"ಚಿಗವ್ವಾ, ಚುಕ್ಕಿ ಎಲ್ಲದಾವು?" ಎಂದೆ. ಈ ಸಲ ಗಂಟಲು ನಿಜವಾಗಿಯೇ ಒಣಗಿತ್ತು.

"ಅದಾವಲ್ಲ!" ಚಿಗವ್ವ ಸೆರಗಿನ ಒಳಮೂಲೆ ಮಗುಚಿ ತೋರಿಸಿದಳು. ಕರಿ ದಾರದ ಎರಡು ಚುಕ್ಕಿ, ಪಕ್ಕಪಕ್ಕದಲ್ಲಿ, ಸಾಸಿವೆ ಕಾಳಿನಷ್ಟು. "ನೆದರ ಬೊಟ್ಟು ಎಲ್ಲಿಡಬೇಕೋ ಅಲ್ಲಿ ಇಟ್ಟೇನಿ. ನಮ್ಮ ಪದ್ಧತಿ ಒಂದ, ಅವರ ಪದ್ಧತಿ ಎರಡು. ಪಾಪ, ಅವರ ಲೆಕ್ಕಾನ ಇರ್ಲಿ ಅಂತ ಎರಡ ಹಾಕೇನಿ."

ಹನ್ನವ್ವನಿಗೆ ಇದು ತಿಳಿಯಲಿಲ್ಲ. ಅವಳ ಮುಖ ನೋಡಿ ಚಿಗವ್ವ ತಡಮಾಡದೆ ಎದ್ದು, ಗೂಡಿನಲ್ಲಿದ್ದ ಕಾಡಿಗೆ ಡಬ್ಬಿಗೆ ಬೆರಳು ಹಚ್ಚಿ, ಹನ್ನವ್ವನ ಕೆನ್ನೆಗೆ ಒಂದು ಬೊಟ್ಟು ಇಟ್ಟಳು. "ಹಿಂಗ," ಎಂದು, ಸೆರಗಿನ ಮೂಲೆ ತೋರಿಸಿ, "ಹಂಗ," ಎಂದಳು.

ಇನ್ನು ಉಳಿದದ್ದು ನಾನು. ಎರಡು ತಿಂಗಳು ಕಣ್ಣು ಕಿರಿದು ಮಾಡಿ ಹಾಕಿದ ಹೊಲಿಗೆ. ತಪ್ಪು ಚಿಗವ್ವನದೆಂದು ಹನ್ನವ್ವ ತಿಳಿಯಬಾರದು. ನನಗೊಂದು ಉಪಾಯ ಹೊಳೆಯಿತು. ಮನೆಯ ಮೂವರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೇ. ಹೀಗಾಗಿ, ಅತಿ ವೇಗದ ಇಂಗ್ಲಿಷಿನಲ್ಲಿ, ಮುಖದ ಮೇಲೆ ವಿದ್ವಾಂಸನ ಗಾಂಭೀರ್ಯ ಕೆಡದಂತೆ, ನನ್ನ ಮೂವತ್ತು ವರ್ಷದ ಪಾಪವನ್ನೆಲ್ಲ ಒಪ್ಪಿಕೊಂಡೆ: ನನಗೆ ನಿಮ್ಮ ಭಾಷೆ ಬಾರದು, ಒಂಬತ್ತೇ ದಿನ ಓದಿದ್ದೇನೆ, ದೃಷ್ಟಿ ಬೊಟ್ಟೆಂದು ಹೇಳಿದವನು ನಾನು, ನನ್ನ ಚಿಗವ್ವ ನಿರಪರಾಧಿ. ದೂರದಿಂದ ನೋಡುವವರಿಗೆ ನಾನು ಕಲ್ಲಿನ ಶಾಸನ ಓದಿ ಅರ್ಥ ಹೇಳುತ್ತಿರುವಂತೆ ಕಂಡಿರಬೇಕು.

ಹನ್ನವ್ವ ಮೊದಲು ತುಟಿ ಕಚ್ಚಿ ಹಿಡಿದಳು. ಆಮೇಲೆ ತಡೆಯಲಾಗದೆ ನಕ್ಕಳು ನೋಡಿ, ಕೆನ್ನೆಯ ಕಾಡಿಗೆ ಕಣ್ಣೀರಿನಲ್ಲಿ ಇಳಿದು ಗದ್ದಕ್ಕೆ ಬಂತು. ಚುಕ್ಕಿ ತೆಗೆದರೆ ಅದು ಬೇರೆಯೇ ಶಬ್ದವಾಗುತ್ತದೆ, ಜೋಪಾನ ಮಾಡು, ದಣಿಸಬೇಡ ಎನ್ನುವಂಥದ್ದು, ಎಂಬತ್ತರ ತಾಯಿಗೆ ಅದೂ ಒಪ್ಪುತ್ತದೆ ಎಂದಳು. ನಾನು ಚಿಗವ್ವನಿಗೆ ನೆತ್ತಿಯ ಮೇಲೆ ಇನ್ನೆರಡು ಚುಕ್ಕಿ ಹಾಕಿಬಿಡು, ಎರಡು ನಿಮಿಷದ ಕೆಲಸ ಎಂದೆ. ಆಕೆ ಮನಸ್ಸಿಲ್ಲದ ಮನಸ್ಸಿನಿಂದ ಸೂಜಿಗೆ ದಾರ ಪೋಣಿಸಿದಳು. ಹನ್ನವ್ವ ಆಕೆಯ ಕೈ ಹಿಡಿದಳು. ಬೇಡ. ಅಮ್ಮ ಮೊದಲ ನೋಟಕ್ಕೇ ತಪ್ಪು ಹಿಡಿಯುತ್ತಾಳೆ, ಆಮೇಲೆ ಆ ಚುಕ್ಕಿಗಳನ್ನು ಅವಳೇ ಹುಡುಕಲಿ ಎಂದಳು.

ಮೂರು ವಾರಕ್ಕೆ ನನ್ನ ಫೋನಿಗೆ ಒಂದು ಫೋಟೋ ಬಂತು. ಬಿಳಿ ಕೂದಲಿನ ಮುದುಕಿ, ಇಳಕಲ್ ಸೀರೆಯನ್ನು ಶಾಲಿನಂತೆ ಹೊದ್ದುಕೊಂಡು, ಒಳಮೂಲೆಯ ಎರಡು ಚುಕ್ಕಿಯ ಮೇಲೆ ಬೆರಳಿಟ್ಟು ಕುಳಿತಿದ್ದಾಳೆ. ಕೆನ್ನೆಯ ಮೇಲೆ ಒಂದು ಕರಿ ಬೊಟ್ಟು. ಕೆಳಗೆ ಹನ್ನವ್ವನ ಎರಡು ಸಾಲು: ಚಷ್ಮಾ ಹಾಕಿಕೊಂಡು ಅರ್ಧ ತಾಸು ಹುಡುಕಿದಳು, ಕೆಂಪು ಪೆನ್ಸಿಲ್ ಮುಟ್ಟಲಿಲ್ಲ.

ಫೋಟೋ ತೋರಿಸಲು ಇಳಕಲ್ಲಿಗೆ ಹೋದೆ. ಚಿಗವ್ವ ಫೋನನ್ನು ಒಮ್ಮೆ ದೂರ, ಒಮ್ಮೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಚಂದ ಅದಾಳ ಮುದುಕಿ. ಬೊಟ್ಟು ಇಟ್ಟದ್ದ ಛಲೋ ಆತು." ಫೋನು ತಿರುಗಿ ಕೊಡುತ್ತ ಅದೇ ಉಸಿರಿನಲ್ಲಿ ಹೇಳಿದಳು: "ಅಂದು ಅಕಿ ಮುಂದ ಎಲ್ಲಾ ಒಪ್ಪಿಕೊಂಡಿ ಅಲ್ಲ?"

ನಾನು ಫೋನು ಕೆಳಗಿಟ್ಟೆ. "ನಿನಗ ಇಂಗ್ಲಿಷ್ ತಿಳೀತೈತೇನು?"

"ಇಂಗ್ಲಿಷ್ ಯಾಕ ಬೇಕೋ? ಸಣ್ಣವಿದ್ದಾಗ ಬೆಲ್ಲ ಕದ್ದು ಸಿಕ್ಕರ ಹಂಗ ಬಡಾಬಡಾ ಮಾತಾಡತಿದ್ದಿ. ನಿನಗ ಆ ಭಾಷಾ ಬರೂದಿಲ್ಲಂತ ಸಾವಕ್ಕನ ಮದವ್ಯಾಗ ಗೊತ್ತಾಗೈತಿ ನನಗ."

"ಹೆಂಗ?"

"ಎಳಿ ಎಣಸಾಕಿ ನಾ. ಐದ ಹೊಲಿಗಿ ಇದ್ವು. ಅವನ್ನ ಮೂರು ಸಲ ತಿರುಗಿಸಿ ತಿರುಗಿಸಿ ಹಾಕಿದಿ. ಮುಂದಿನ ಮದವ್ಯಾಗೂ ಅವ ಐದು."

"ಹಂಗಾದ್ರ ಚುಕ್ಕಿದೂ ಸುಳ್ಳಂತ ಗೊತ್ತಿತ್ತೇನು?"

"ಅದು ಖರೆ ಅಂದ್ಕೊಂಡಿದ್ದೆ. ನೀ ಮೂವತ್ತು ವರ್ಷ ಹೇಳಿದ್ದರಾಗ ಅದೊಂದ ನಂಬೂ ಹಂಗ ಇತ್ತು."

ಇಬ್ಬರೂ ನಕ್ಕೆವು. ನಕ್ಕು ಮುಗಿದ ಮೇಲೆ ನನಗೆ ನಿಜವಾಗಿ ನಾಚಿಕೆಯಾಯಿತು. ಮೂವತ್ತು ವರ್ಷ ಪ್ರತಿ ಮದುವೆಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತು, ಆ ಐದು ಬಾಲಗಳನ್ನು ಎಣಿಸುತ್ತ, ಅಕ್ಕಿಕಾಳು ಎರಚಿದವಳು ಈಕೆ.

"ಒಮ್ಮಿಯರ ಹೇಳಬಾರದಾಗಿತ್ತೇನು, ಚಿಗವ್ವಾ?"

ಆಕೆ ಸೂಜಿಗೆ ಹೊಸ ದಾರ ಪೋಣಿಸಲು ನೋಡುತ್ತಿದ್ದಳು. ಎರಡು ಸಲ ತಪ್ಪಿತು. ನಾನು ಪೋಣಿಸಿಕೊಟ್ಟೆ.

"ನಿಮ್ಮವ್ವ ಊರ ತುಂಬ ನಿನ್ನ ಹೊಗಳಿಕೋತ ಅಡ್ಡಾಡತಿದ್ದಳು. ನನ್ನ ಮಗ ಹಂತಾಂವ, ನನ್ನ ಮಗ ಹಿಂತಾಂವ ಅಂತ. ಎಷ್ಟು ಮಂದಿ ಕಣ್ಣು! ನನಗ ಅಂಜಿಕಿ ಬರತಿತ್ತು. ನಿನ್ನ ಮ್ಯಾಲೂ ಒಂದು ಕರೀ ಚುಕ್ಕಿ ಇರ್ಲಿ ಅಂತ ಹಂಗ ಬಿಟ್ಟೆ."

ಅವ್ವ ಈಗಿಲ್ಲ. ನನ್ನನ್ನು ಹೊಗಳುತ್ತ ತಿರುಗುವವರೂ ಇಲ್ಲ. ರವಿವಾರ ಅಟ್ಟದ ಕೆಳಗೆ ನಿಂತು ಇದನ್ನೆಲ್ಲ ನೆನೆಯುತ್ತಿದ್ದಾಗ ಶಾಂತಾ ಎರಡನೆಯ ಸಲ ಕೇಳಿದಳು.

"ಏನ್ರೀ, ರದ್ದಿಗೆ ಹಾಕ್ಲೇನು ಇದನ್ನ?"

"ಬ್ಯಾಡ," ಎಂದೆ. "ನೆದರು ಹತ್ತೀತು."

ಪುಸ್ತಕವನ್ನು ಬೋಗಾಣಿಯಲ್ಲಿ ಹಾಕಿ, ಅಟ್ಟದ ಒಳಮೂಲೆಗೆ, ಯಾರಿಗೂ ಕಾಣದಂತೆ, ಸರಿಸಿಟ್ಟೆ.